ನೀವು ಶಾಪ್‌ನಲ್ಲಿ ಇಲ್ಲದಾಗ ಮಷಿನ್ ನಿಲ್ಲಿಸುವ ಅಧಿಕಾರ ಯಾರದ್ದು?

ಬೋರಿಂಗ್‌ಬಾರ್:

ಜಪಾನಿನ ನಗೋಯಾದ ಒಂದು ಹೋಟೆಲ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ರೂಮು ಎಷ್ಟು ಚಿಕ್ಕದು ಅಂದರೆ ಸೂಟ್‌ಕೇಸ್ ಬಿಚ್ಚಿಟ್ಟರೆ ಬಾಗಿಲು ತೆಗೆಯಲು ಆಗುವುದಿಲ್ಲ.

ನನ್ನದು ಸಿಎನ್‌ಸಿ ಟರ್ನಿಂಗ್ ಜಾಬ್‌ವರ್ಕ್, ಅಂದರೆ ಕಂಪ್ಯೂಟರ್ ನಡೆಸುವ ಲೇತ್‌ಗಳಲ್ಲಿ ಬೇರೆ ಕಂಪನಿಗಳಿಗೆ ಲೋಹದ ಭಾಗ ಮಾಡಿಕೊಡುವ ಕೆಲಸ. 5 ಮಷಿನ್, 18 ಜನ, ಎರಡು ಶಿಫ್ಟ್. ಶುರು ಮಾಡಿ 16 ವರ್ಷ ಆಯಿತು. ಇಷ್ಟು ವರ್ಷದಲ್ಲಿ ಒಂದೇ ಸಲಕ್ಕೆ ನಾಲ್ಕು ದಿನಕ್ಕಿಂತ ಜಾಸ್ತಿ ಶಾಪ್ ಬಿಟ್ಟು ಇದ್ದಿದ್ದು ಇದೇ ಮೊದಲು. ಒಂದು ಮಷಿನ್ ಕಂಪನಿಯವರು ಫ್ಯಾಕ್ಟರಿ ನೋಡಲು ಕರೆದಿದ್ದರು. ಅಷ್ಟು ದೂರ ಹೋಗಿ ಎರಡೇ ದಿನಕ್ಕೆ ವಾಪಸ್ ಬರುವುದೇನು ಅಂತ 12 ದಿನ ಮಾಡಿಕೊಂಡೆ. ಇವತ್ತು ಎಂಟನೇ ದಿನ.

ಇಲ್ಲಿಯ ಗಡಿಯಾರ ಮೂರೂವರೆ ಗಂಟೆ ಮುಂದೆ. ನಮ್ಮ ಮೊದಲ ಶಿಫ್ಟ್ ಶುರುವಾಗುವ ಹೊತ್ತಿಗೆ ಇಲ್ಲಿ ಮಧ್ಯಾಹ್ನ 12. ಮೊದಲ ಮೂರು ದಿನ ಗಂಟೆ ಹೊಡೆದ ಹಾಗೆ ಸರಿಯಾಗಿ 12ಕ್ಕೆ ಫೋನ್ ಶುರು. ನನಗೂ ಒಳಗೊಳಗೇ ಖುಷಿ, ಸುಳ್ಳು ಹೇಳುವುದಿಲ್ಲ. ‘ನಾನಿಲ್ಲದೆ ನಡೆಯಲ್ಲ’ ಅನ್ನುವ ಖುಷಿ.

ನಾಲ್ಕನೇ ದಿನ ಟೋಕಿಯೊದಿಂದ ನಗೋಯಾಕ್ಕೆ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಬಂದೆ. ಸುಮಾರು ಒಂದು ಗಂಟೆ ನಲವತ್ತು ನಿಮಿಷದ ದಾರಿ. ಆ ರೈಲಿನಲ್ಲಿ ಸೀಟಿನಲ್ಲಿ ಕೂತು ಫೋನಿನಲ್ಲಿ ಮಾತಾಡುವ ಹಾಗಿಲ್ಲ, ಎದ್ದು ಬೋಗಿಗಳ ನಡುವಿನ ಜಾಗಕ್ಕೆ ಹೋಗಬೇಕು. ಅದಕ್ಕೆ ಫೋನ್ ಸೈಲೆಂಟ್ ಮಾಡಿ ಜೇಬಿಗೆ ಹಾಕಿದೆ. ಕಿಟಕಿ ನೋಡುತ್ತಾ ನಿದ್ದೆ ಹೋದೆ. ಇಳಿದ ಮೇಲೂ ಸ್ಟೇಷನ್ನಿನಲ್ಲಿ ದಾರಿ ತಪ್ಪಿ ಅರ್ಧ ಗಂಟೆ ಸುತ್ತಿದೆ. ಆಮೇಲೆ ಫೋನ್ ತೆಗೆದರೆ 14 ಮಿಸ್ಡ್ ಕಾಲ್.

ಆಗಿದ್ದು ಇಷ್ಟು. ಮೂರನೇ ಮಷಿನ್ನಿನಲ್ಲಿ ಬುಶ್ ಅನ್ನುವ ಕೊಳವೆಯಂಥ ಭಾಗ ಓಡುತ್ತಿತ್ತು. ಇನ್ಸರ್ಟ್, ಅಂದರೆ ಲೋಹ ಕೊರೆಯುವ ಪುಟ್ಟ ಅಲಗು, ಚೂರು ಮುರಿದು ಬೋರ್ ಒಳಗೆ, ಅಂದರೆ ನಡುವಿನ ರಂಧ್ರದೊಳಗೆ, ಗೆರೆ ಬೀಳುತ್ತಿತ್ತು. ಆಪರೇಟರ್ ಹುಡುಗ ಬೇಗನೇ ಗಮನಿಸಿದ್ದಾನೆ. ಉಗುರು ಹಾಕಿ ನೋಡಿ, ಗೆರೆ ಸಿಗುತ್ತದೆ ಅಂತ ಸೂಪರ್‌ವೈಸರ್‌ಗೆ ಹೇಳಿದ್ದಾನೆ. ಸೂಪರ್‌ವೈಸರ್ ನನಗೆ ಫೋನ್ ಮಾಡಿದ್ದಾರೆ. ನಾನು ಎತ್ತಲಿಲ್ಲ. ಸಂಜೆ ಡಿಸ್ಪ್ಯಾಚ್ ಇತ್ತು, ನಿಲ್ಲಿಸಿದರೆ ನಾನು ಬೈಯುತ್ತೇನೆ. ಅದಕ್ಕೆ ನಿಲ್ಲಿಸಲಿಲ್ಲ. ಎರಡು ಗಂಟೆ ಹತ್ತು ನಿಮಿಷದಲ್ಲಿ 96 ಪೀಸು. ಅಷ್ಟೂ ಸ್ಕ್ರ್ಯಾಪ್.

ಇನ್ಸರ್ಟ್ ಮೂಲೆ ತಿರುಗಿಸಿ ಹಾಕಲು ಎಷ್ಟು ಹೊತ್ತು ಬೇಕು? ಎರಡು ನಿಮಿಷ. ಪೆಟ್ಟಿಗೆ ಅಲ್ಲೇ ಮಷಿನ್ ಪಕ್ಕದಲ್ಲೇ ಇತ್ತು.

ಪ್ಲಾಟ್‌ಫಾರಂ ಮೇಲೆ ನಿಂತುಕೊಂಡೇ ಸೂಪರ್‌ವೈಸರ್‌ಗೆ ಕೂಗಾಡಿದೆ. ಸುತ್ತ ಯಾರೂ ತಿರುಗಿ ನೋಡಲಿಲ್ಲ. ನೋಡದೇ ಇದ್ದಿದ್ದೇ ಜಾಸ್ತಿ ನಾಚಿಕೆ ಅನ್ನಿಸಿತು.

ಮರುದಿನ ಬಿಡುವಿತ್ತು ಅಂತ ಟೊಯೋಟಾದವರ ಮ್ಯೂಸಿಯಂಗೆ ಹೋದೆ. ಹಳೇ ಬಟ್ಟೆ ಮಿಲ್ಲಿನ ಕೆಂಪು ಇಟ್ಟಿಗೆ ಕಟ್ಟಡವನ್ನೇ ಉಳಿಸಿಕೊಂಡು 1994ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ನಾನು ಹೋಗಿದ್ದು ಕಾರು ನೋಡಲು. ಆದರೆ ಮೊದಲು ಸಿಗುವುದು ಮಗ್ಗಗಳು. ಆ ಮನೆತನದ ಕಸುಬು ಶುರುವಾಗಿದ್ದೇ ಮಗ್ಗದಿಂದ. ಸಕಿಚಿ ಟೊಯೋಡ ಅನ್ನುವವರು 1924ರಲ್ಲಿ ಮಾಡಿದ ಜಿ ಮಾದರಿ ಮಗ್ಗ ಅಲ್ಲಿದೆ. ಸುಮ್ನೆ ಗಾಜಿನೊಳಗೆ ಇಟ್ಟಿಲ್ಲ, ಓಡಿಸಿ ತೋರಿಸುತ್ತಾರೆ.

ತೋರಿಸಲು ನಿಂತಿದ್ದ ಹೆಂಗಸು ಓಡುತ್ತಿರುವ ಮಗ್ಗದಲ್ಲಿ ಒಂದೇ ಒಂದು ನೂಲು ಕತ್ತರಿಸಿದರು. ಟಕ್ ಅಂತ ಮಗ್ಗ ನಿಂತಿತು. ಅಷ್ಟೇ. ಹಾಸಿನ ಪ್ರತಿ ನೂಲಿಗೂ ಒಂದೊಂದು ತೆಳುವಾದ ತಗಡಿನ ಪಟ್ಟಿ ನೇತುಹಾಕಿದ್ದಾರೆ. ನೂಲು ಬಿಗಿಯಾಗಿ ಇರುವವರೆಗೂ ಪಟ್ಟಿ ಮೇಲೇ ಇರುತ್ತದೆ. ನೂಲು ಹರಿದರೆ ಪಟ್ಟಿ ಕೆಳಗೆ ಬೀಳುತ್ತದೆ, ಬಿದ್ದ ಪಟ್ಟಿ ಮಗ್ಗವನ್ನು ನಿಲ್ಲಿಸುತ್ತದೆ. ಕರೆಂಟಿನ ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ತಗಡು ಮತ್ತು ಅದರ ತೂಕ. ಹೀಗೆ ತಾನೇ ನಿಲ್ಲುವ ಮಗ್ಗ ಆದ್ದರಿಂದ ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳಬಹುದಿತ್ತು. ಪಕ್ಕದಲ್ಲಿ ಕಣ್ಣಿಟ್ಟು ನಿಲ್ಲಬೇಕಾಗಿರಲಿಲ್ಲ.

ನಾನು ಅಲ್ಲಿ ತುಂಬಾ ಹೊತ್ತು ನಿಂತೆ. ಮೂರು ಸಲ ನೂಲು ಕತ್ತರಿಸಿ ತೋರಿಸಿದರು, ಮೂರು ಸಲವೂ ನೋಡಿದೆ. 100 ವರ್ಷದ ಹಿಂದಿನ ತಗಡಿಗೆ ಇದ್ದ ಅಧಿಕಾರ ನನ್ನ ಸೂಪರ್‌ವೈಸರ್‌ಗೆ ಇಲ್ಲ. ಅವರು 9 ವರ್ಷದಿಂದ ನನ್ನ ಜೊತೆ ಇದ್ದಾರೆ.

ರಾತ್ರಿ ಫೋನಿನ ಲೆಕ್ಕ ತೆಗೆದೆ. ಮೊದಲ ಮೂರು ದಿನದಲ್ಲಿ ಶಾಪ್‌ನಿಂದ ಬಂದ ಕಾಲ್ 41. ಪ್ರತಿಯೊಂದೂ ಯಾಕೆ ಅಂತ ನೆನಪು ಮಾಡಿಕೊಂಡು ಹೋಟೆಲಿನ ಕಾಗದದ ಮೇಲೆ ಬರೆದೆ. ನಿಜವಾಗಿ ನಾನೇ ಬೇಕಿದ್ದು 6. ಸುಮ್ನೆ ವಿಷಯ ತಿಳಿಸಿದ್ದು 12. ಉಳಿದ 23ರಲ್ಲಿ ಏನು ಮಾಡಬೇಕು ಅಂತ ಅವರಿಗೆ ಮೊದಲೇ ಗೊತ್ತಿತ್ತು. ನನ್ನ ಬಾಯಿಂದ ಒಂದು ‘ಹೂಂ’ ಬೇಕಿತ್ತು, ಅಷ್ಟೇ.

ಈಗ ಪ್ರಶ್ನೆ. ಹದಿನೈದು, ಇಪ್ಪತ್ತು ಜನ ಇಟ್ಟುಕೊಂಡು ಕೆಲಸ ಮಾಡಿಸುವವರು ಹೇಳಿ. ನೀವು ಇಲ್ಲದಾಗ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗೆ ಕೊಟ್ಟಿದ್ದೀರಿ? ಬಾಯಲ್ಲಿ ಹೇಳಿದ್ದೀರೋ, ಬರೆದು ಹಾಕಿದ್ದೀರೋ? ಕೊಟ್ಟ ಮೇಲೆ ಏನಾಯಿತು? ‘ಟೀಮ್ ಮೇಲೆ ನಂಬಿಕೆ ಇಡಿ’ ಅನ್ನುವ ಉತ್ತರ ದಯವಿಟ್ಟು ಬೇಡ. ನಂಬಿಕೆ ಇದೆ. 96 ಪೀಸೂ ಇದೆ.

ಮಸಿಕೈ:

ನನ್ನದು ಆಫ್‌ಸೆಟ್ ಪ್ರೆಸ್, 11 ಜನ. ನಿಮ್ಮ ಹಾಗೇ ಒಂದು ಸಲ ಹೊರದೇಶಕ್ಕೆ ಹೋಗಿದ್ದೆ. ಹೋಗುವ ಹಿಂದಿನ ದಿನ ಎಲ್ಲರನ್ನೂ ನಿಲ್ಲಿಸಿ ದೊಡ್ಡ ಭಾಷಣ ಮಾಡಿದೆ. ‘ಇನ್ನು ಹತ್ತು ದಿನ ಎಲ್ಲ ನಿಮ್ಮದೇ, ನನಗೆ ಫೋನ್ ಮಾಡಬೇಡಿ’ ಅಂದೆ. ಫೋನ್ ಬರಲಿಲ್ಲ. ನಾನು ಆರಾಮಾಗಿ ತಿರುಗಾಡಿದೆ.

ವಾಪಸ್ ಬಂದು ನೋಡಿದರೆ ಬೇರೆ ಜಿಎಸ್‌ಎಂ, ಅಂದರೆ ಬೇರೆ ತೂಕದ ಕಾಗದ ತರಿಸಿ ಒಂದು ಇಡೀ ಪುಸ್ತಕದ ಒಳಪುಟ ಹೊಡೆದಿದ್ದರು. ಬೇಕಿದ್ದ ಕಾಗದ ಸಿಗಲಿಲ್ಲ, ಗಿರಾಕಿಗೆ ಅವಸರ, ನೀವು ಫೋನ್ ಮಾಡಬೇಡಿ ಅಂದಿದ್ದಿರಲ್ಲ. ಅವರ ಮಾತಿನಲ್ಲಿ ತಪ್ಪೇನಿದೆ ಹೇಳಿ.

ಆಮೇಲೆ ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಕೊಟ್ಟಿದ್ದನ್ನೆಲ್ಲ ಒಂದೇ ದಿನಕ್ಕೆ ವಾಪಸ್ ಕಿತ್ತುಕೊಂಡೆ. ಪ್ಲೇಟ್ ಬದಲಾಯಿಸಲೂ ನನ್ನನ್ನೇ ಕೇಳಬೇಕು ಅಂದೆ. ಆ ಆರು ತಿಂಗಳು ನಮ್ಮ ಪ್ರೆಸ್‌ನಲ್ಲಿ ಯಾರೂ ಯಾವುದಕ್ಕೂ ಬಾಯಿ ಬಿಡಲಿಲ್ಲ.

ಈಗ ಹೇಗಿದೆ ಅಂದರೆ, ನಿಲ್ಲಿಸುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಮತ್ತೆ ಶುರು ಮಾಡುವುದಕ್ಕೆ ಇನ್ನೊಬ್ಬರ ಕಣ್ಣು ಬೇಕು. ಹೊಸದಾಗಿ ಏನಾದರೂ ಕೊಳ್ಳುವುದಕ್ಕೆ, ಗಿರಾಕಿಗೆ ಮಾತು ಕೊಡುವುದಕ್ಕೆ ನಾನು ಬೇಕು. ನಾವು ನಿಲ್ಲಿಸುವುದನ್ನೂ ಖರ್ಚು ಮಾಡುವುದನ್ನೂ ಒಂದೇ ಗಂಟಿನಲ್ಲಿ ಕಟ್ಟಿರುತ್ತೇವೆ. ಎರಡೂ ಬೇರೆ. ನಿಲ್ಲಿಸಿದರೆ ಹೆಚ್ಚೆಂದರೆ ಹೊತ್ತು ಹೋಗುತ್ತದೆ.

ಹಳೇ ವರ್ನಿಯರ್:

ಮಗ್ಗದ ಕತೆ ಚೆನ್ನಾಗಿದೆ. ಆದರೆ ಮ್ಯೂಸಿಯಂ ನೋಡಿ ಬಂದವರು ಮರುದಿನ ಶಾಪ್‌ನಲ್ಲಿ ಒಂದು ಹಗ್ಗ ಕಟ್ಟಿ ‘ತೊಂದರೆ ಬಂದರೆ ಎಳೀರಿ’ ಅನ್ನುವುದನ್ನು ನಾನು ಕೆಲಸದಲ್ಲಿದ್ದಾಗ ಎರಡು ಕಡೆ ಕಣ್ಣಾರೆ ನೋಡಿದ್ದೇನೆ. ಎರಡು ವಾರ ಆದ ಮೇಲೆ ಆ ಹಗ್ಗದ ಮೇಲೆ ಕೈ ಒರೆಸುವ ಬಟ್ಟೆ ಒಣಗುತ್ತಿತ್ತು.

ಟೊಯೋಟಾದ ಅಸೆಂಬ್ಲಿ ಲೈನಿನಲ್ಲಿ ಹಗ್ಗ ಎಳೆದ ತಕ್ಷಣ ಲೈನ್ ನಿಲ್ಲುವುದಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಳೆದರೆ ಮೇಲೆ ಬೋರ್ಡಿನಲ್ಲಿ ಆ ಜಾಗದ ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ಕಾರು ಆ ಜಾಗದ ಕೊನೆಯ ಗೆರೆ ಮುಟ್ಟುವುದರೊಳಗೆ ಸರಿಹೋದರೆ ಅವನೇ ಮತ್ತೆ ಎಳೆದು ದೀಪ ಆರಿಸುತ್ತಾನೆ. ಲೈನ್ ನಿಲ್ಲುವುದೇ ಇಲ್ಲ. ಸರಿಹೋಗದಿದ್ದರೆ ಮಾತ್ರ ಆ ಗೆರೆಯಲ್ಲಿ ನಿಲ್ಲುತ್ತದೆ. ಅಂದರೆ ಹಗ್ಗ ಎಳೆಯುವುದು ‘ನಿಲ್ಲಿಸಿ’ ಅನ್ನುವುದಕ್ಕಿಂತ ಮೊದಲು ‘ಬನ್ನಿ’ ಅನ್ನುವ ಕೂಗು. ಕರೆದರೆ ಬರುವವನು ಇರಬೇಕು, ಅದೂ ಒಂದು ನಿಮಿಷದೊಳಗೆ. ನಿಮ್ಮ ಶಾಪ್‌ನಲ್ಲಿ ಕರೆದರೆ ಬರುವವರು ಯಾರು? ನೀವು. ನೀವು ಎಲ್ಲಿ? ರೈಲಿನಲ್ಲಿ, ನಿದ್ದೆಯಲ್ಲಿ. ಬೇಜಾರು ಮಾಡಿಕೊಳ್ಳಬೇಡಿ, ಲೆಕ್ಕ ಹೇಳಿದೆ.

ಇನ್ನೊಂದು. ಆಟೊಮೇಷನ್ ಅನ್ನುವುದಕ್ಕೆ ಜಪಾನಿಯಲ್ಲಿ ಇರುವ ಪದವನ್ನೇ ಅವರು ಸ್ವಲ್ಪ ತಿದ್ದಿಕೊಂಡಿದ್ದಾರೆ. ನಡುವಿನ ಅಕ್ಷರಕ್ಕೆ ‘ಮನುಷ್ಯ’ ಅನ್ನುವ ಗುರುತು ಸೇರಿಸಿ ಬರೆಯುತ್ತಾರೆ. ಓದುವುದು ಹಾಗೇ, ಜಿದೋಕ. ಬರೆದಾಗ ಮಾತ್ರ ಅದರೊಳಗೆ ಒಬ್ಬ ಮನುಷ್ಯ ನಿಂತಿರುತ್ತಾನೆ.

ಅಲ್ಲೇ ಇದ್ದೀರಲ್ಲ, ಹಗ್ಗ ಬಿಡಿ, ಸ್ಟೇಷನ್ನಿನಲ್ಲಿ ಒಂದು ವಿಷಯ ನೋಡಿಕೊಂಡು ಬನ್ನಿ. ರೈಲ್ವೆಯವರು ಬಿಳಿ ಕೈಗವಸು ಹಾಕಿಕೊಂಡು ಸಿಗ್ನಲ್ಲಿಗೆ ಬೆರಳು ತೋರಿಸಿ ಜೋರಾಗಿ ಹೇಳುತ್ತಾರೆ. ಅಲ್ಲಿಯ ರೈಲ್ವೆ ಸಂಶೋಧನಾ ಸಂಸ್ಥೆಯ ಪರೀಕ್ಷೆಯಲ್ಲಿ, ಸುಮ್ನೆ ನೋಡಿ ಮಾಡಿದಾಗ 100ಕ್ಕೆ 2.38 ಇದ್ದ ತಪ್ಪು, ಬೆರಳು ತೋರಿಸಿ ಬಾಯಲ್ಲೂ ಹೇಳಿದಾಗ 0.38ಕ್ಕೆ ಇಳಿದಿತ್ತು. ಖರ್ಚಿಲ್ಲದ ಕೆಲಸ. ನಾಚಿಕೆ ಬಿಡಬೇಕು ಅಷ್ಟೇ. ಮಾಲೀಕರೇ ಮೊದಲು ಬಿಡಬೇಕು.

ಎರಡನೇ ಶಿಫ್ಟ್:

ನಾನು ಮಾಲೀಕಳಲ್ಲ. ಒಂದು ಫ್ಯಾಬ್ರಿಕೇಷನ್ ಕಂಪನಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ, 7 ವರ್ಷ ಆಯಿತು. ಎಲ್ಲರೂ ಮಾಲೀಕರ ಕಡೆಯಿಂದಲೇ ಹೇಳುತ್ತಿದ್ದೀರಿ, ಈ ಕಡೆಯಿಂದಲೂ ಸ್ವಲ್ಪ ಕೇಳಿ.

ಸರ್, ನಿಮ್ಮ ಶಾಪ್‌ನಲ್ಲಿ ಯಾರಾದರೂ ಕೊನೆಯ ಸಲ ಮಷಿನ್ ನಿಲ್ಲಿಸಿದ್ದು ಯಾವಾಗ? ಆವಾಗ ನೀವು ಬಾಯಿ ಬಿಟ್ಟು ಮೊದಲು ಹೇಳಿದ ಮಾತೇನು? ‘ಯಾರು ನಿಲ್ಲಿಸಕ್ಕೆ ಹೇಳಿದ್ದು?’ ಅಂದಿದ್ದರೆ, 96 ಪೀಸಿನ ಲೆಕ್ಕ ಅವತ್ತಿನಿಂದಲೇ ಶುರು ಮಾಡಿ. ನಮ್ಮ ಹಿಂದಿನ ಮ್ಯಾನೇಜರ್ ಆ ಮಾತು ಒಂದೇ ಸಲ ಹೇಳಿದ್ದು. ಅದೂ ನನಗಲ್ಲ, ಪಕ್ಕದ ವೆಲ್ಡರ್‌ಗೆ. ನಾವು ಹನ್ನೆರಡು ಜನ ಕೇಳಿಸಿಕೊಂಡೆವು. ಅವರು ಬಿಟ್ಟು ಹೋಗಿ ಮೂರು ವರ್ಷ ಆದರೂ ನನಗೆ ಸರಿಯಿಲ್ಲದ ಮಾಲಿಗೆ ಕೆಂಪು ಟ್ಯಾಗ್ ಹಾಕುವಾಗ ಆ ದನಿ ಕೇಳುತ್ತದೆ.

23 ಕಾಲ್ ‘ಹೂಂ’ಗೆ ಅಂದಿರಿ. ನಮಗೆ ಉತ್ತರ ಗೊತ್ತಿಲ್ಲದೆ ಫೋನ್ ಮಾಡುವುದಿಲ್ಲ ಸರ್. ಗೊತ್ತಿರುವುದರಿಂದಲೇ ಮಾಡುತ್ತೇವೆ. ನಾಳೆ ಏನಾದರೂ ಆದರೆ ‘ನಿಮ್ಮನ್ನು ಕೇಳಿಯೇ ಮಾಡಿದ್ದು’ ಅನ್ನಬಹುದಲ್ಲ. ಆ ‘ಹೂಂ’ ನಮಗೆ ರಸೀದಿ ಇದ್ದ ಹಾಗೆ.

ನಿಮ್ಮ ಆಪರೇಟರ್ ಹುಡುಗ ಉಗುರು ಹಾಕಿ ಗೆರೆ ಕಂಡುಹಿಡಿದ ಅಂದಿರಿ. ಅವನಿಗೆ ಯಾರಾದರೂ ‘ಚೆನ್ನಾಗಿ ನೋಡಿದೆ’ ಅಂದರಾ?

ಬೋರಿಂಗ್‌ಬಾರ್:

ಎರಡನೇ ಶಿಫ್ಟ್ ಅವರಿಗೆ: ಇಲ್ಲಮ್ಮ, ಅನ್ನಲಿಲ್ಲ. ನಿಮ್ಮ ಪ್ರಶ್ನೆ ಓದುವವರೆಗೂ ಅವನ ನೆನಪೇ ನನಗೆ ಬಂದಿರಲಿಲ್ಲ. ಕೊನೆಯ ಸಲ ನಿಲ್ಲಿಸಿದ್ದು ಹೋದ ವರ್ಷ, ಒಂದು ಕೂಲೆಂಟ್ ಪಂಪ್ ವಿಷಯಕ್ಕೆ. ನಾನು ಅವತ್ತು ಹೇಳಿದ್ದು ನೀವು ಬರೆದ ಮಾತೇ, ಅಕ್ಷರ ಬಿಡದ ಹಾಗೆ.

ವರ್ನಿಯರ್ ಸರ್, ಬೆರಳು ತೋರಿಸುವುದನ್ನು ನೋಡಿದೆ. ಪ್ಲಾಟ್‌ಫಾರಂ ತುದಿಯಲ್ಲಿ ಒಬ್ಬ ಹುಡುಗ, ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ರೈಲು ಹೋಗಿಯಾಗಿತ್ತು, ಸುತ್ತ ಯಾರೂ ಇಲ್ಲ. ಆದರೂ ಖಾಲಿ ಹಳಿಗೆ ಬೆರಳು ತೋರಿಸಿ ಏನೋ ಹೇಳಿದ, ಆಮೇಲೆ ಈ ಕಡೆ ತಿರುಗಿ ಮತ್ತೆ ತೋರಿಸಿ ಹೇಳಿದ. ಯಾರಿಗೂ ಕೇಳಿಸಲಿ ಅಂತ ಅಲ್ಲ. ನಾನು ನೋಡುತ್ತಿದ್ದೇನೆ ಅಂತಲೂ ಅವನಿಗೆ ಗೊತ್ತಿರಲಿಲ್ಲ.

ಇವತ್ತು ಇಸೆಗೆ ಹೋಗಿದ್ದೆ. ನಗೋಯಾದಿಂದ ಕಿಂತೆತ್ಸು ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ ಸಿಗುತ್ತದೆ. ಅಲ್ಲಿಯ ಮಂದಿರವನ್ನು 20 ವರ್ಷಕ್ಕೊಮ್ಮೆ ಪೂರ್ತಿ ಹೊಸದಾಗಿ ಕಟ್ಟುತ್ತಾರೆ. ಹಳೆಯದರ ಪಕ್ಕದ ಜಾಗದಲ್ಲಿ, ಅದೇ ಅಳತೆ, ಅದೇ ಜಾತಿಯ ಮರ. ಆಮೇಲೆ ಹಳೆಯದನ್ನು ಬಿಚ್ಚುತ್ತಾರೆ. 2013ರಲ್ಲಿ ಕಟ್ಟಿದ್ದು 62ನೆಯದು. ಮುಂದಿನದು 2033ಕ್ಕೆ, ಅದರ ವಿಧಿಗಳು 2025ರಲ್ಲೇ ಶುರುವಾಗಿವೆ. ಮಂದಿರ ಹತ್ತಿರದಿಂದ ಕಾಣುವುದಿಲ್ಲ, ಬೇಲಿಯ ಮೇಲೆ ಹುಲ್ಲಿನ ಚಾವಣಿಯ ತುದಿ ಮಾತ್ರ ಕಾಣುತ್ತದೆ. ನಾನು ಜಾಸ್ತಿ ಹೊತ್ತು ನೋಡಿದ್ದು ಪಕ್ಕದ ಖಾಲಿ ಜಾಗ. ಬಿಳಿ ಕಲ್ಲು ಹಾಸಿದ್ದಾರೆ, ನಡುವೆ ಒಂದು ಪುಟ್ಟ ಗುಡಿಸಿಲಿನಂಥದು. ಅಷ್ಟೇ.

ಯಾಕೆ 20 ವರ್ಷ ಅನ್ನುವುದಕ್ಕೆ ಹಲವು ಕಾರಣ ಹೇಳುತ್ತಾರೆ. ನನಗೆ ಹಿಡಿಸಿದ್ದು ಒಂದು. ಇಪ್ಪತ್ತರ ಹುಡುಗ ಮೊದಲ ಸಲ ಕೈಯಾಳಾಗಿ ಕಲಿಯುತ್ತಾನೆ, ನಲವತ್ತಕ್ಕೆ ತಾನೇ ಮಾಡುತ್ತಾನೆ, ಅರವತ್ತಕ್ಕೆ ನಿಂತು ಮಾಡಿಸುತ್ತಾನೆ. ಬಿಚ್ಚಿದ ಮರವನ್ನೂ ಎಸೆಯುವುದಿಲ್ಲ. ದೊಡ್ಡ ಕಂಬಗಳನ್ನು ಹೊಳೆಯ ಸೇತುವೆಯ ಬಾಯಲ್ಲಿ ತೋರಣದ ಹಾಗೆ ನಿಲ್ಲಿಸುತ್ತಾರೆ. ಬರುವಾಗ ಒಂದು ಕಂಬ ಮುಟ್ಟಿ ನೋಡಿದೆ. ಜನರ ಕೈ ತಾಗಿ ತಾಗಿ ಒಂದು ಎತ್ತರದವರೆಗೆ ನಯವಾಗಿತ್ತು, ಅದರ ಮೇಲೆ ಒರಟು.

ನಾನು 16 ವರ್ಷದಿಂದ ಇಪ್ಪತ್ತರ ಹುಡುಗನ ಕೆಲಸವನ್ನೇ ಮಾಡುತ್ತಿದ್ದೇನೆ. ಇನ್ಸರ್ಟ್ ಬದಲಾಯಿಸಬೇಕಾ ಬೇಡವಾ ಅಂತ ಹೇಳುವುದು. ನನಗೆ ಈಗ 47.

ಮಸಿಕೈ ಅವರು ಹೇಳಿದ್ದನ್ನೇ ಮಾಡಿದೆ. ಸಂಜೆ ಸೂಪರ್‌ವೈಸರ್‌ಗೆ ಮೆಸೇಜ್ ಹಾಕಿದೆ. ಗೆರೆ, ಸದ್ದು, ಅಳತೆ, ಏನೇ ಅನುಮಾನ ಬಂದರೂ ಆಪರೇಟರೇ ನಿಲ್ಲಿಸಬಹುದು. ಮತ್ತೆ ಓಡಿಸುವ ಮುಂಚೆ ಇನ್ನೊಬ್ಬರು ಗೇಜ್ ಹಾಕಿ ನೋಡಬೇಕು. ನನಗೆ ಫೋನ್ ಬೇಡ. ರಾತ್ರಿ ಒಂದು ಪಟ್ಟಿ ಕಳಿಸಿದರೆ ಸಾಕು.

ಬೋರಿಂಗ್‌ಬಾರ್:

ಮೂರು ದಿನದ ವರದಿ. ಈಗ ಏರ್‌ಪೋರ್ಟಿನಲ್ಲಿದ್ದೇನೆ.

ಮೊದಲ ದಿನ ಯಾರೂ ನಿಲ್ಲಿಸಲಿಲ್ಲ. ಎರಡನೇ ದಿನವೂ ಇಲ್ಲ. ಕಾಲ್ ಮಾತ್ರ 4ಕ್ಕೆ ಇಳಿಯಿತು. ನನಗೆ ಸಮಾಧಾನ ಆಗಬೇಕಿತ್ತು, ಅನುಮಾನ ಬಂತು. ಎರಡು ದಿನ ಒಂದೂ ತೊಂದರೆ ಇಲ್ಲದ ಶಾಪ್ ಎಲ್ಲಿದೆ?

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ನಿನ್ನೆ ರಾತ್ರಿಯ ಪಟ್ಟಿಯಲ್ಲಿ ಒಂದು ಸಾಲು. ‘ಮಷಿನ್ 3, ಸದ್ದು ಬೇರೆ ಥರ ಬಂತು, ನಿಲ್ಲಿಸಿದೆ, 40 ನಿಮಿಷ.’ ಅದೇ ಹುಡುಗ. ಸೂಪರ್‌ವೈಸರ್ ನೋಡಿದ್ದಾರೆ, ಬೇರೆ ಆಪರೇಟರ್ ನೋಡಿದ್ದಾನೆ, ಏನೂ ಇರಲಿಲ್ಲ. ಪೀಸು ಹಿಡಿಯುವ ಚಕ್ ಪಕ್ಕದ ಗಾರ್ಡಿನ ಒಂದು ಬೋಲ್ಟು ಸಡಿಲವಾಗಿತ್ತು, ಅದರ ಸದ್ದು. ಪೀಸು ಎಲ್ಲ ಸರಿಯಾಗಿಯೇ ಬರುತ್ತಿದ್ದವು. ಅಂದರೆ ಸುಮ್ಮನೆ 40 ನಿಮಿಷ ಹೋಯಿತು.

ನಿಜ ಹೇಳುತ್ತೇನೆ. ನನ್ನ ಬೆರಳು ತಾನಾಗೇ ‘ಅಷ್ಟಕ್ಕೆಲ್ಲ ಯಾಕೆ’ ಅಂತ ಟೈಪ್ ಮಾಡಿತ್ತು. ಅಳಿಸಿದೆ. ಆಮೇಲೆ ‘ಮುಂದಿನ ಸಲ’ ಅಂತ ಶುರು ಮಾಡಿದೆ. ಅದನ್ನೂ ಅಳಿಸಿದೆ. ಕೊನೆಗೆ ‘ಸರಿ’ ಅಂತ ಮಾತ್ರ ಕಳಿಸಿದೆ.

ಎರಡನೇ ಶಿಫ್ಟ್:

ಅಯ್ಯೋ ಸರ್, ಬರೀ ‘ಸರಿ’ ಅಂತ ಕಳಿಸಿದರೆ ಸಿಟ್ಟು ಬಂದಿದೆ ಅಂತಲೇ ಓದುತ್ತೇವೆ.

ಬೋರಿಂಗ್‌ಬಾರ್:

ಹಾಗಾದರೆ ಏನು ಬರೆಯಬೇಕಿತ್ತು? ಇನ್ನೂ ಬೋರ್ಡಿಂಗ್ ಶುರುವಾಗಿಲ್ಲ, ಹೇಳಿ.

ಎರಡನೇ ಶಿಫ್ಟ್:

ಇನ್ನೇನೂ ಬರೆಯಬೇಡಿ. ಬಂದ ಮೇಲೆ ಆಫೀಸಿಗೆ ಹೋಗುವ ಮೊದಲು ಮೂರನೇ ಮಷಿನ್ ಹತ್ತಿರ ಹೋಗಿ. ಆ ಬೋಲ್ಟ್ ಯಾವುದು ಅಂತ ಅವನನ್ನೇ ಕೇಳಿ. ತೋರಿಸುತ್ತಾನೆ.